ಯಾರ ಪೈಕಿ ಈ ಐಟಂ?

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಾನು ಬಿಡಿಸಿದ ನಕ್ಷೆಯ ಪ್ರಕಾರ ಆಸ್ಪತ್ರೆಯ ರೋಗಿಗಳು ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಒಂದೊಂದು ಸಾಬುದಾಣಿ ವಡೆ ನುಂಗಬೇಕಿತ್ತು.

ಪುಣೆಯ ಖರಾಡಿಯಲ್ಲಿ ನನ್ನ ಕೆಲಸವೆಂದರೆ ಸಾಫ್ಟ್‌ವೇರ್ ಕಟ್ಟುವ ಮುನ್ನ ಅದರ ನಕ್ಷೆ ಬಿಡಿಸುವುದು. ಒಂದೊಂದು ಚೌಕ ಒಂದೊಂದು ಕ್ಲಾಸು, ಎಂದರೆ ಒಂದೊಂದು ಬಗೆಯ ವಸ್ತು. ಅವು ವಾಸಿಸುವ ಮನೆಗೆ ಪ್ಯಾಕೇಜು ಎಂದು ಹೆಸರು. ‘ಐಟಂ’ ಎಂಬ ಕ್ಲಾಸು ಔಷಧಾಲಯದ ಪ್ಯಾಕೇಜಿನಲ್ಲೂ ಇತ್ತು, ಕ್ಯಾಂಟೀನಿನದರಲ್ಲೂ ಇತ್ತು. ಬೆಳಗ್ಗೆಯಿಂದ ಕ್ಯಾಂಟೀನಿನ ನಕ್ಷೆಯಲ್ಲೇ ಕೂತಿದ್ದ ನಾನು, ಔಷಧಾಲಯದ ನಕ್ಷೆಗೆ ಹೋಗಲು ಸೋಮಾರಿತನವಾಗಿ, ರೋಗಿಗಳ ಮಾತ್ರೆಯ ಪಟ್ಟಿಯನ್ನೂ ಅಲ್ಲೇ ಬಿಡಿಸಿ ಬರೀ ‘ಐಟಂ’ ಎಂದು ಟೈಪಿಸಿದೆ. ಯಂತ್ರ ಯಾವ ಹೆಸರನ್ನಾದರೂ ಮೊದಲು ಹುಡುಕುವುದು ತನ್ನ ಮನೆಯಲ್ಲೇ. ಸಿಕ್ಕಿತೋ, ಪಕ್ಕದ ಮನೆಯ ಬಾಗಿಲು ತಟ್ಟುವುದಿಲ್ಲ. ಹಾಗಾಗಿ ಮಾತ್ರೆಯ ಜಾಗಕ್ಕೆ ಕ್ಯಾಂಟೀನಿನ ವಡೆ ಬಂದು ಕೂತಿತು. ಮನೆಯ ಹೆಸರನ್ನೂ ಸೇರಿಸಿ ಪೂರ್ತಿ ಬರೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಪೂರ್ತಿ ಹೆಸರಿನ ಮಹತ್ವ ನನ್ನಂಥವನಿಗೆ ಗೊತ್ತಿರಬೇಕಿತ್ತು. ನಾನು ಟಿ. ಆರ್. ಮಂಜುನಾಥ: ತಿಪಟೂರು, ಅದರೊಳಗೆ ರಂಗಪ್ಪ, ಅವರೊಳಗೆ ನಾನು. ನಮ್ಮ ಹಿರಿಯರು ಕಂಪ್ಯೂಟರ್ ಬರುವ ಮುಂಚೆಯೇ ಪ್ಯಾಕೇಜು ಕಂಡುಹಿಡಿದಿದ್ದರು. ಪುಣೆಯ ಅರ್ಜಿಗಳು ಮಾತ್ರ ಅಡ್ಡಹೆಸರು ಕೇಳುತ್ತವೆ; ಆ ಜಾಗದಲ್ಲಿ ನಾನು ತಿಪಟೂರಿನ ‘ಟಿ’ ತುಂಬಿದೆ. ಹಾಗಾಗಿ ಆಫೀಸಿನಲ್ಲಿ ನಾನು ‘ಮಿಸ್ಟರ್ ಟಿ’.

ಇಲ್ಲಿ ನನ್ನ ಮನೆತನ ವಿಚಾರಿಸಿದ್ದು ಒಬ್ಬರೇ, ಸುನಂದಕ್ಕ. ಬೆಳಗಾವಿಯವರು, ನಮ್ಮ ನಕ್ಷೆಗಳನ್ನೆಲ್ಲ ತಿದ್ದುವವರು. ಸೇರಿದ ದಿನವೇ ಕನ್ನಡಕದ ಮೇಲಿಂದ ನೋಡಿ, “ಯಾವೂರಪಾ ನಿಂದು? ಯಾರ ಪೈಕಿ?” ಎಂದರು.

“ತಿಪಟೂರು ಅಕ್ಕಾ. ಬಸ್ ಸ್ಟ್ಯಾಂಡ್ ಹಿಂದೆ ಟೈಲರ್ ರಂಗಪ್ಪ ಅಂತ, ಅವರ ಮಗ.”

“ಹಾಂ, ಹಾಂ,” ಎಂದು ತಲೆದೂಗಿದರು. ತಿಪಟೂರನ್ನು ಅವರು ರೈಲಿನ ಕಿಟಕಿಯಿಂದಲೂ ಕಂಡವರಲ್ಲ. ಆದರೂ ನನ್ನನ್ನು ಸರಿಯಾದ ಗೂಡಿನಲ್ಲಿಟ್ಟು ಬಾಗಿಲು ಹಾಕಿದಂತೆ ನನಗೆ ಹಾಯೆನಿಸಿತು.

ಅಂಥವರನ್ನೇ ನಾನು ಅಣಕಿಸಿದೆ. ಒಂದು ಮಧ್ಯಾಹ್ನ ಹತ್ತು ಜನರ ಮುಂದೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಚಹಾ ಮಷೀನಿಗೆ, “ಯಾವೂರಪಾ ನಿಂದು? ಯಾರ ಪೈಕಿ?” ಎಂದೆ. ನಗು ಚಿಮ್ಮಿತು. ಸುನಂದಕ್ಕ ಡಬ್ಬಿ ಹಿಡಿದು ಹಿಂದೆಯೇ ನಿಂತಿದ್ದರು. ಅವರೂ ನಕ್ಕರು. ಮರುದಿನ ಮಾತ್ರ, “ಗುಡ್ ಮಾರ್ನಿಂಗ್, ಮಂಜುನಾಥ್.”

ಅಂದಿನಿಂದ ಬರೀ ಇಂಗ್ಲಿಷು, ಇಸ್ತ್ರಿ ಹಾಕಿದ ಇಂಗ್ಲಿಷು. ನನಗೆ ಎಲ್ಲರ ದನಿಯೂ ಬರುತ್ತದೆ: ತರಕಾರಿಯವಳ ಜೊತೆ ಅವಳ ಮರಾಠಿ, ರೂಮಿನವರ ಜೊತೆ ಅವರ ಹಿಂದಿ. ನನ್ನ ದನಿಯಲ್ಲಿ ಮಾತಾಡಲು ಇದ್ದದ್ದು ಸುನಂದಕ್ಕನ ಮೇಜೊಂದೇ, ಅದೂ ಹೋಯಿತು. ರೂಮಿನ ಕನ್ನಡಿಯ ಮುಂದೆ, ಅವರು ಮೊದಲು ದಿನಾ ಕೇಳುತ್ತಿದ್ದ “ಉಂಡ್ಯೋ ಇಲ್ಲೋ, ತಮ್ಮಾ?” ಅನ್ನು ಎಷ್ಟೋ ಸಲ ಆಡಿ ನೋಡಿದ್ದೇನೆ. ದನಿ ಕರಾರುವಾಕ್ಕಾಗಿ ಬರುತ್ತದೆ. ಕೇಳುವವರು ಮಾತ್ರ ಯಾರೂ ಇರುವುದಿಲ್ಲ.

ವಡೆಯ ನಕ್ಷೆ ತಿದ್ದಲು ಅವರ ಮೇಜಿಗೇ ಹೋಯಿತು. ಕರೆ ಬಂತು. ಪರದೆಯ ಮೇಲೆ ಬೆರಳಿಟ್ಟು, “ವಿಚ್ ಐಟಂ ಈಸ್ ದಿಸ್?” ಎಂದರು.

ಇಂಗ್ಲಿಷಿನಲ್ಲಿ ಉತ್ತರ ಸಿದ್ಧವಾಗಿತ್ತು. ಬಾಯಿಗೆ ಬಂದದ್ದು ಬೇರೆ. “ಕ್ಯಾಂಟೀನಿನ ಪೈಕಿ, ಅಕ್ಕಾ. ತಪ್ಪಾಯ್ತು. ಅವತ್ತಿಂದೂ ತಪ್ಪಾಯ್ತು.”

ಸುನಂದಕ್ಕ ನಕ್ಷೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕನ್ನಡಕ ತಾನಾಗಿಯೇ ಮೂಗಿನ ತುದಿಗಿಳಿಯಿತು.

“ಚಹಾ ಮಷೀನಿಗೆ ಕೇಳಿದ್ದನ್ನ ಇದಕ್ಕೂ ಒಂದ ಸಲ ಕೇಳಿದ್ದರ ಪೇಶಂಟ್ ಮಂದಿ ವಡಾ ನುಂಗೂದು ತಪ್ಪತಿತ್ತಲ್ಲೋ, ತಮ್ಮಾ.”