ಮಲಕುಗಳು ಬಂದು ಕೇಳಿದರೆ

ಉಪ್ಪನಿಗೆ, ಅಂದರೆ ನಮ್ಮ ಅಪ್ಪನಿಗೆ, ಮರೆವಿನ ಕಾಯಿಲೆ ಬಂದಾಗ ಮಕ್ಕಳಾದ ನಮಗೆಲ್ಲ ಅವರು ದಾರಿ ತಪ್ಪಿಯಾರು, ಗ್ಯಾಸ್ ತೆರೆದಿಟ್ಟಾರು ಎಂಬ ಹೆದರಿಕೆ. ನಮ್ಮನ್ನು ಹೆತ್ತ ಉಮ್ಮನ ಹೆದರಿಕೆಯೇ ಬೇರೆ. ಸತ್ತವರನ್ನು ಮಣ್ಣು ಮಾಡಿ ಜನ ಹಿಂತಿರುಗಿದ ಕೂಡಲೇ ಮುನ್ಕರ್, ನಕೀರ್ ಎಂಬ ಇಬ್ಬರು ಮಲಕುಗಳು, ಅಂದರೆ ದೇವದೂತರು, ಖಬರಿನೊಳಗೆ ಬಂದು ಪ್ರಶ್ನೆ ಕೇಳುತ್ತಾರೆ ಎಂದು ಮದ್ರಸದಲ್ಲಿ ಕಲಿತವರು ನಾವು. ನಿನ್ನ ಒಡೆಯ ಯಾರು, ನಿನ್ನ ಪ್ರವಾದಿ ಯಾರು, ನಿನ್ನ ಧರ್ಮ ಯಾವುದು. ಹೆಂಡತಿಯ ಹೆಸರೇ ನೆನಪಿಲ್ಲದ ಮನುಷ್ಯ ಅಲ್ಲಿ ಏನು ಉತ್ತರ ಕೊಟ್ಟಾನು?

ಬಂಟ್ವಾಳದ ಪೇಟೆಯಲ್ಲಿ ಮೀನು ಮಾರುತ್ತಿದ್ದ ಉಪ್ಪನಿಗೆ ಯಾರ ಮನೆಗೆ ಬಂಗುಡೆ, ಯಾರ ಮನೆಗೆ ಬೂತಾಯಿ ಎಂಬುದು ಒಂದು ಕಾಲದಲ್ಲಿ ಬಾಯಿಪಾಠ. ಈಗ ಯಾರು ಏನು ಕೇಳಿದರೂ ಉಮ್ಮನ ಕಡೆ ಬೆರಳು ತೋರಿಸಿ "ಇವಳತ್ರ ಕೇಳಿ" ಎನ್ನುತ್ತಿದ್ದರು. ಡಾಕ್ಟರು ವಯಸ್ಸು ಕೇಳಿದರೂ ಅದೇ, ಊಟ ಆಯಿತಾ ಎಂದರೂ ಅದೇ. ಹೆಸರು ಮರೆತರೂ ಹೆಂಡತಿಯನ್ನು ಮರೆತಿಲ್ಲ ನೋಡಿ ಎಂದು ನೆರೆಯವರು ತಮಾಷೆ ಮಾಡುತ್ತಿದ್ದರು. ಉಮ್ಮ ಮಾತ್ರ ನಗುತ್ತಿರಲಿಲ್ಲ.

ಸಂಜೆಯ ನಮಾಝ್ ಮುಗಿದದ್ದೇ ಅವರನ್ನು ಎದುರು ಕೂರಿಸಿಕೊಂಡು ಪಾಠ ಶುರು.

"ನಿಮ್ಮ ಒಡೆಯ ಯಾರು? ಅಲ್ಲಾಹು ಅಂತ ಹೇಳಿ."

"ಅಲ್ಲಾಹು."

"ಹಾಂ. ಈಗ ಪುನಃ ಕೇಳ್ತೇನೆ. ನಿಮ್ಮ ಒಡೆಯ ಯಾರು?"

"ನಿನಗೆ ಗೊತ್ತುಂಟಲ್ಲ ಮಾರಾಯ್ತಿ, ನೀನೇ ಹೇಳು."

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಮಿಜಾರಿನ ಕಾಲೇಜಿನಲ್ಲಿ ಪಾಠ ಮಾಡುವವಳು ನಾನು; ಪರೀಕ್ಷೆಗೆ ಬೆವರುವವರನ್ನು ನೋಡಿ ನೋಡಿ ಸಾಕಾಗಿತ್ತು. "ಸಾಕು ಮಾಡು ಉಮ್ಮ. ಆ ಸೈತಾನ ಇಬ್ಲೀಸ್ ಮಲಕುಗಳ ಒಟ್ಟಿಗೇ ಇದ್ದವ, ಅವನಿಗೆ ಎಲ್ಲ ಉತ್ತರ ಗೊತ್ತಿತ್ತು. ಆದ್ರೂ ಅಹಂಕಾರದಿಂದ ಬಿದ್ದ. ನಮ್ಮ ಉಪ್ಪನಿಗೆ ಎಂತ ಅಹಂಕಾರ ಉಂಟು?" ಎಂದು ರೇಗಿದೆ.

"ನಿನಗೆ ಮಾತು ಬರ್ತದೆ," ಎಂದಳು ಉಮ್ಮ. "ಅವರು ಅಲ್ಲಿಯೂ ಬೆರಳು ತೋರಿಸಿ ಇವಳತ್ರ ಕೇಳಿ ಅಂತಾರೆ. ಪಕ್ಕದಲ್ಲಿ ನಾನು ಇರುದಿಲ್ಲ."

ಅವಳು ಅಳಲಿಲ್ಲ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಬುದ್ಧಿ ಕಳೆದುಕೊಂಡವರ ತಪ್ಪುಗಳನ್ನು ಮಲಕುಗಳು ಬರೆಯುವುದೇ ಇಲ್ಲ, ಹೆದರಬೇಡಿ ಎಂದು ಮಸೀದಿಯ ಉಸ್ತಾದರೂ ಹೇಳಿದ್ದರು. ಉಮ್ಮ ತಲೆಯಾಡಿಸಿ ಬಂದವಳು ಅದೇ ಸಂಜೆ ಮತ್ತೆ ಪಾಠಕ್ಕೆ ಕೂತಳು.

ಕಳೆದ ಮಳೆಗಾಲದಲ್ಲಿ ಉಪ್ಪ ತೀರಿಕೊಂಡರು. ದಫನಕ್ಕೆ ಹೆಂಗಸರು ಹೋಗುವ ಕ್ರಮ ನಮ್ಮಲ್ಲಿಲ್ಲ. ನನ್ನ ತಮ್ಮ ಮಣ್ಣಿನ ಕೈಯಲ್ಲೇ ಬಂದು ಅಂಗಳದಲ್ಲಿ ನಿಂತಾಗ ಉಮ್ಮ ಕೇಳಿದಳು, "ತಲ್ಕೀನ್ ಹೇಳಿದ್ರಾ?" ಖಬರಿನ ತಲೆಯ ಬಳಿ ಕೂತು ಉಸ್ತಾದರು ಸತ್ತವನಿಗೆ ಆ ಉತ್ತರಗಳನ್ನು ನೆನಪಿಸುವುದೇ ತಲ್ಕೀನ್.

"ಹೇಳಿದ್ರು ಉಮ್ಮ."

"ನಿಧಾನ ಹೇಳಿದ್ರಾ? ಅವರಿಗೆ ಎರಡೆರಡು ಸಲ ಹೇಳ್ಬೇಕು."

ತಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ತುಂಬ ಹೊತ್ತು ಹೊರಗೆ ಬರಲಿಲ್ಲ.

ಗಂಡ ಸತ್ತ ಹೆಂಗಸು ಮನೆಯೊಳಗೇ ಇರಬೇಕಾದ ಇದ್ದತ್‌ನ ತಿಂಗಳುಗಳು ಮುಗಿದವು. ತಮ್ಮ, ಅವನ ಹೆಂಡತಿ, ಮಕ್ಕಳು ಬೆಳ್ತಂಗಡಿಗೆ ಮದುವೆಗೆ ಹೊರಟಿದ್ದರು. ಒಳ್ಳೆಯ ಸಮಯ ಎಂದು ನಾನು ಉಮ್ಮನನ್ನು ಕರೆದೊಯ್ಯಲು ಹೋದೆ.

"ನನ್ನಲ್ಲಿಗೆ ಬಾ ಉಮ್ಮ, ನಾಲ್ಕು ದಿನ ಇದ್ದು ಬರುವಿಯಂತೆ."

"ಮನೆಗೆ ಬೀಗ ಹಾಕ್ಲಿಕ್ಕೆ ಆಗುದಿಲ್ಲ ಮಗಳೇ."

"ಯಾಕೆ? ಕಳ್ಳರು ಕೊಂಡುಹೋಗ್ಲಿಕ್ಕೆ ಇಲ್ಲಿ ಎಂತ ಉಂಟು?"

ಉಮ್ಮ ಉಪ್ಪನ ಮಂಚದ ಚಾದರ ಸರಿಮಾಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ಕಳ್ಳರಲ್ಲ. ನಿನ್ನ ಉಪ್ಪ ಇವಳತ್ರ ಕೇಳಿ ಅಂತ ಹೇಳಿಯೇ ಹೇಳಿರ್ತಾರೆ. ಮಲಕುಗಳು ಕೇಳ್ಲಿಕ್ಕೆ ಇಲ್ಲಿಗೆ ಬಂದ್ರೆ, ಬಾಗಿಲು ಹಾಕಿರ್ಬಾರ್ದಲ್ಲ."