ಬಚ್ಚಲ ಗೋಡೆಯ ಮೂರು ಗೆರೆ

ಕಳೆದ ವಾರ ಕುಂದಾಪುರದ ತಮ್ಮನ ಮನೆಗೆ ಹೋದಾಗ ಅಡುಗೆಮನೆಯಿಂದ ಎಳೆಮಕ್ಕಳಿಗೆ ಉಣಿಸುವ ರಾಗಿ ಮಣ್ಣಿಯ ವಾಸನೆ ಬಂತು. ನೆನೆಸಿದ ರಾಗಿಯನ್ನು ರುಬ್ಬಿ, ಬಿಳಿ ಬಟ್ಟೆಯಲ್ಲಿ ಹಿಂಡಿ, ಸಣ್ಣ ಉರಿಯಲ್ಲಿ ಮಗುಚುವಾಗ ಏಳುತ್ತದಲ್ಲ, ಹಸಿಯೂ ಅಲ್ಲದ ಬೆಂದದ್ದೂ ಅಲ್ಲದ ವಾಸನೆ... ಹದಿನೇಳು ವರ್ಷಗಳಿಂದ ಆ ವಾಸನೆ ಇರುವ ಮನೆಯಲ್ಲಿ ನಾನು ಹೆಚ್ಚು ಹೊತ್ತು ಕೂತವಳಲ್ಲ. ಏನಾದರೊಂದು ನೆಪ ಹೇಳಿ ಎದ್ದುಬಿಡುತ್ತೇನೆ. ಈ ಸಲ ಏಳಲಾಗಲಿಲ್ಲ. ತಮ್ಮನ ಹೆಂಡತಿ ಮಗುವನ್ನು ನನ್ನ ಮಡಿಲಲ್ಲಿ ಹಾಕಿ ಒಲೆಯ ಹತ್ತಿರ ಹೋಗಿದ್ದಳು. ಕೂತಲ್ಲೇ, ಮೀಸುವ ಅಜ್ಜಿಯ ನೆನಪಾಯಿತು.

ಬಾಳಂತಿಗೂ ಶಿಶುವಿಗೂ ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದಕ್ಕೆ ನಮ್ಮ ಕಡೆ ಮೀಸುವುದು ಎನ್ನುತ್ತಾರೆ. ಬಾರ್ಕೂರಿನ ಹತ್ತಿರದ ನನ್ನ ಗಂಡನ ಊರಿನಲ್ಲಿ ಆ ಕೆಲಸಕ್ಕೆ ಇದ್ದವರು ಈ ಅಜ್ಜಿ ಒಬ್ಬರೇ. ನನ್ನ ಮಗಳು ಐದು ವಾರ ಮೊದಲೇ ಹುಟ್ಟಿದ್ದರಿಂದ ನಾನು ತವರಿಗೆ ಹೋಗುವುದು ತಪ್ಪಿ, ಬಾಣಂತನ ಗಂಡನ ಮನೆಯಲ್ಲೇ ಆಯಿತು. ಹಿಡಿಯಷ್ಟಿದ್ದ ಮಗುವನ್ನು ಮುಟ್ಟಲು ನನಗೇ ಹೆದರಿಕೆ. ಅಜ್ಜಿ ಮಾತ್ರ ಕಾಲು ಚಾಚಿ ಕೂತು, ಅದನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ನೀರಿಗೆ ಮೊದಲು ತಮ್ಮ ಮೊಣಕೈ ಅದ್ದಿ ನೋಡಿ ಮೀಸುತ್ತಿದ್ದರು. ಬೇರೆಯವರ ಹಾಗೆ ಮೂಗಿಗೆ ಎಣ್ಣೆ ಬಿಡುತ್ತಿರಲಿಲ್ಲ. ಅತ್ತೆ ಒಮ್ಮೆ ಬಿಡಲು ಹೇಳಿದಾಗ, “ಮೂಗೆಂತ ದೀಪವಾ, ಎಣ್ಣಿ ಹೊಯ್ಯುಕೆ?” ಅಂದಿದ್ದರು. ನಾನು ಸೆರಗು ಬಾಯಿಗೆ ಒತ್ತಿ ನಕ್ಕಿದ್ದೆ.

ಅವರದ್ದೊಂದು ಕ್ರಮವಿತ್ತು. ಮಗುವಿಗೆ ತಿಂಗಳು ತುಂಬಿದಾಗಲೆಲ್ಲ ಬಚ್ಚಲ ಗೋಡೆಗೆ ಮಸಿಯಲ್ಲಿ ಒಂದು ಗೆರೆ ಎಳೆಯುವುದು. ನನ್ನ ಮಗಳ ಮೊದಲ ಗೆರೆ ಬಿದ್ದಾಗ ಅವಳಿಗೆ ಎರಡು ತಿಂಗಳು ಕಳೆದಿತ್ತು.

“ಎಂತಕಜ್ಜಿ ಒಂದೇ ಗೆರಿ?” ಅಂತ ಕೇಳಿದೆ.

“ಹೊಟ್ಟಿಯಂಗೆ ಇರ್ಕಾದ್ ದಿನ ಹೊರಗ್ ಕಳ್ದ್ರೆ ಅದನ್ನ ಪ್ರಾಯಕ್ಕೆ ಸೇರ್ಸುಕಾಗ, ಹೆಣೆ,” ಅಂದರು. ಹೊಟ್ಟೆಯೊಳಗೆ ಇರಬೇಕಿದ್ದ ಆ ಐದು ವಾರವನ್ನು ಅವರು ವಯಸ್ಸಿನಿಂದ ಕಳೆದಿದ್ದರು.

ಗೆರೆ ಎಳೆದ ದಿನ ಮಗುವಿನ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿ, ತಲೆ ಜೊತೆಗೆ ಬರುತ್ತದೋ ಹಿಂದೆ ಉಳಿಯುತ್ತದೋ ನೋಡುತ್ತಿದ್ದರು. ತೊಳೆದ ಕಿರುಬೆರಳನ್ನು ತುಟಿಗೆ ಮುಟ್ಟಿಸಿ ನಾಲಿಗೆ ಏನು ಮಾಡುತ್ತದೆ ಎಂದು ಕಾಯುತ್ತಿದ್ದರು. ಕುತ್ತಿಗೆ ನಿಂತು, ಬೆನ್ನಿಗೆ ಆಸರೆ ಕೊಟ್ಟರೆ ಕೂತು, ನಾಲಿಗೆ ಹೊರಗೆ ದೂಡುವುದನ್ನು ಬಿಟ್ಟು, ಉಣ್ಣುವವರ ಬಾಯಿ ನೋಡಿ ತಾನೂ ಬಾಯಿ ತೆರೆದರೆ ಮಾತ್ರ ಮಗು ಊಟಕ್ಕೆ ತಯಾರು. ಅದಕ್ಕಿಂತ ಮೊದಲು ಹಾಲು ಬಿಟ್ಟು ಬೇರೇನೂ ಬೇಡ ಎನ್ನುವುದು ಅವರ ಲೆಕ್ಕ.

ಅತ್ತೆಯ ಲೆಕ್ಕ ಬೇರೆ. ಹೆಣ್ಣು ಮಗುವಿಗೆ ಮೊದಲ ಅನ್ನ ಬೆಸ ತಿಂಗಳಲ್ಲಿ, ಐದರಲ್ಲಿ ಇಲ್ಲವೇ ಏಳರಲ್ಲಿ. ಏಳನೆಯದು ಆಸಾಡಿಯಲ್ಲಿ ಬೀಳುತ್ತಿತ್ತು, ಆಸಾಡಿಯಲ್ಲಿ ಶುಭಕಾರ್ಯ ಉಂಟೇ? ಹಾಗಾಗಿ ಐದು ಮುಗಿಯುವುದರೊಳಗೆ ದಿನ ನೋಡಿಸಿದರು. ಗೋಡೆಯ ಮೇಲೆ ಆಗ ಮೂರೇ ಗೆರೆ.

ಹಿಂದಿನ ದಿನ ಮೀಸಿ ಮುಗಿಸಿದ ಅಜ್ಜಿ ಜಗಲಿಗೆ ಹೋಗಿ ಅತ್ತೆಗೆ ಹೇಳಿದರು: “ಅಮ್ಮ, ಕುತ್ಗಿ ನಿಂತಿಲ್ಲ. ನಾಲ್ಗಿ ಇನ್ನೂ ದೂಡ್ತಾ ಇತ್ತ್. ದೇವಸ್ಥಾನದಂಗೆ ತುಟಿಗ್ ಮುಟ್ಸಿ, ಸಾಕ್. ಒಳಗ್ ಹಾಕ್ಬೇಡಿ.”

ಅತ್ತೆ ಹೂ ಕಟ್ಟುತ್ತಿದ್ದರು, ತಲೆ ಎತ್ತಲಿಲ್ಲ. “ನೀ ಮೀಸುಕ್ ಬಂದದ್ದ್. ಮೀಸಿ ಹೋಗ್.”

ಅಜ್ಜಿ ಬಚ್ಚಲಿಗೆ ವಾಪಸು ಬಂದು ನನ್ನ ಮುಖ ನೋಡಿದರು.

“ನೀ ಹೆತ್ತ್ ಅಬ್ಬಿ ಅಲ್ದಾ? ನೀ ಹೇಳ್.”

“ನಾ ಹೇಳಿರೆ ಕೇಂತ್ರಾ ಅಜ್ಜಿ?”

“ಕೇಣದಿದ್ರೂ ಹೇಳ್ಕ್.”

ಕೇಳದಿದ್ದರೂ ಹೇಳಬೇಕಿತ್ತು, ನಾನು ಹೇಳಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿರಲಿಲ್ಲ, ಗಂಡ ತಾಯಿಯ ಮಾತಿಗೆ ಎದುರಾಡುವವರಲ್ಲ... ಇವೆಲ್ಲ ಆಮೇಲೆ ನಾನು ನನಗೇ ಹೇಳಿಕೊಂಡ ಸಬೂಬು. ನಿಜ ಏನೆಂದರೆ ಹೆದರಿದೆ.

ದೇವಸ್ಥಾನದಲ್ಲಿ ಪಾಯಸ ತುಟಿಗೆ ಮುಟ್ಟಿಸಿದ್ದಷ್ಟೇ. ಮನೆಗೆ ಬಂದ ಮೇಲೆ ನೆಂಟರೆಲ್ಲ ಸಾಲಾಗಿ ಕೂತರು. ಕುಚ್ಚಿಗೆ ಅನ್ನಕ್ಕೆ ಬೆಲ್ಲ, ತುಪ್ಪ ಹಾಕಿ ಹಿಸುಕಿ, ಮಡಿಲಿನಿಂದ ಮಡಿಲಿಗೆ ಮಗುವನ್ನು ದಾಟಿಸುತ್ತಾ ಒಬ್ಬೊಬ್ಬರೂ ಒಂದೊಂದು ತುತ್ತು ಇಟ್ಟರು. ಅಂಗಾತ ಮಲಗಿದ್ದ ಮಗು ನಾಲಿಗೆಯಲ್ಲಿ ದೂಡಿದ್ದನ್ನು ಗಂಡನ ಸೋದರತ್ತೆ ಬೆರಳಿನಿಂದ ಮತ್ತೆ ಒಳಗೆ ಸೇರಿಸಿದರು. “ರುಚಿ ಹತ್ತುವರಿಗೆ ಎಲ್ಲ ಮಕ್ಳೂ ಹಾಂಗೇ,” ಅಂದರು. ಮಗು ಕೆಮ್ಮಿತು. ಮುಖ ಕಪ್ಪಿಟ್ಟಿತು. ಬೋರಲು ಹಾಕಿ ಬೆನ್ನು ತಟ್ಟಿದ ಮೇಲೆ ಉಸಿರು ಎಳೆದು ಅತ್ತಿತು. ನೆತ್ತಿಗೆ ಹತ್ತಿತು ಅಷ್ಟೆ ಎಂದು ಎಲ್ಲರೂ ನಕ್ಕರು. ಇನ್ನೂ ಇಬ್ಬರು ತುತ್ತು ಇಡುವುದು ಬಾಕಿ ಇತ್ತು, ಅವರೂ ಇಟ್ಟರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಎರಡನೇ ದಿನಕ್ಕೆ ಜ್ವರ, ಉಸಿರಾಡಿದರೆ ಎದೆಯೊಳಗೆ ಗೊರಗೊರ. ಕುಂದಾಪುರದ ಆಸ್ಪತ್ರೆಗೆ ಓಡಿದೆವು. ಹಾಲು ಬಿಟ್ಟು ಬೇರೇನು ಹೋಗಿದೆ ಎಂದು ಡಾಕ್ಟರು ಕೇಳಿದಾಗ ಅತ್ತೆ ತಡಮಾಡದೆ ಹೇಳಿದರು: “ಮೀಸುವವ್ಳ್ ಮೂಗಿಗೆ ಎಣ್ಣಿ ಬಿಡ್ತಿದ್ಲ್. ನಾವ್ ಬೇಡ ಅಂದ್ರೂ ಕೇಣ್ಲಿಲ್ಲ.”

ಡಾಕ್ಟರು ನನ್ನ ಕಡೆ ತಿರುಗಿ ಹೌದಾ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ತಲೆ ತಗ್ಗಿಸಿದರೆ ಹೌದು ಎಂದೇ ಅರ್ಥವಲ್ಲವೇ. ಅನ್ನದ ವಿಷಯ ಹೇಳಿದ್ದರೆ ಮಗು ಉಳಿಯುತ್ತಿತ್ತೋ ಇಲ್ಲವೋ... ಗೊತ್ತಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹೋದಳು.

ಎಣ್ಣೆಯ ಸುದ್ದಿ ನಮಗಿಂತ ಮೊದಲೇ ಊರು ತಲುಪಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಎರಡು ತಲೆಮಾರಿನ ಮಕ್ಕಳನ್ನು ಮೀಸಿದ್ದ ಅಜ್ಜಿಯನ್ನು ಆಮೇಲೆ ಒಂದು ಮನೆಯವರೂ ಕರೆಯಲಿಲ್ಲ. ಒಂದು ಬೆಳಿಗ್ಗೆ ಅವರು ನಮ್ಮ ಬೇಲಿಯ ದಣಪೆಯ ಹೊರಗೆ ಬಂದು ತುಂಬಾ ಹೊತ್ತು ನಿಂತಿದ್ದರು. ನಾನು ಕಿಟಕಿಯಿಂದ ನೋಡಿದೆ. ಹೊರಗೆ ಹೋಗಲಿಲ್ಲ. ಮಳೆಗಾಲ ಮುಗಿದ ಮೇಲೆ ಅತ್ತೆ ಬಚ್ಚಲಿಗೆ ಸುಣ್ಣ ಬಳಿಸಿದರು.

ಕೆಲವು ವರ್ಷದ ನಂತರ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಗೇರುಬೀಜದ ಫ್ಯಾಕ್ಟರಿಗೆ ಬೀಜ ಒಡೆಯಲು ಹೋಗುತ್ತಿದ್ದರಂತೆ. ಸಿಪ್ಪೆಯ ಎಣ್ಣೆ ತಾಗಿ ಬೆರಳೆಲ್ಲ ಕಪ್ಪಾಗಿ ಸುಲಿದಿತ್ತು. ಆ ಕೈಯಲ್ಲಿ ಇನ್ನು ಶಿಶುವನ್ನು ಮುಟ್ಟುವ ಹಾಗಿರಲಿಲ್ಲ.

“ಮತ್ತೊಂದ್ ಆಯ್ತಾ, ಹೆಣೆ?” ಎಂದಷ್ಟೇ ಕೇಳಿದರು.

ಇಲ್ಲ ಎಂದೆ. ಅವರು ನನ್ನ ತೋಳು ಮುಟ್ಟಲು ಕೈ ಎತ್ತಿ, ಬೆರಳು ನೋಡಿಕೊಂಡು, ಕೆಳಗಿಳಿಸಿದರು. ಹೇಳಬೇಕಾದ್ದನ್ನು ಹೇಳಲೆಂದು ಒಂದು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಅವರ ಬಸ್ಸು ಬಂತು. ಅವರು ತೀರಿಹೋದದ್ದು ನನಗೆ ಗೊತ್ತಾದದ್ದು ತಿಂಗಳ ಮೇಲೆ. ಅತ್ತೆಯೂ ಈಗಿಲ್ಲ. ನನಗೆ ಮತ್ತೆ ಮಕ್ಕಳಾಗಲಿಲ್ಲ.

“ಐದ್ ತಿಂಗ್ಳ್ ತುಂಬ್ತ್ ಅತ್ಗಿ,” ತಮ್ಮನ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. “ಗಂಡಲ್ದಾ, ಮೊದಲ್ ಅನ್ನ ಆರ್ರಂಗೆ ಮಾಡ್ಕಂಬ್ರ್ ಅಮ್ಮ. ನಾಡಿದ್ ದಿನ ಒಳ್ಳೇದಿತ್ತಂಬ್ರ್.” ಅವಳು ಹೇಳಿದ ಅಮ್ಮ ನನ್ನ ಹೆತ್ತ ತಾಯಿಯೇ.

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಎರಡೂ ಕೈ ಹಿಡಿದು ಮೆಲ್ಲಗೆ ಎತ್ತಿದೆ. ಕುತ್ತಿಗೆ ಬಂತು. ಆಸರೆ ಕೊಟ್ಟು ಕೂರಿಸಿದರೆ ಬದಿಗೆ ವಾಲಿತು. ಕೈ ತೊಳೆದು ಬಂದು ಕಿರುಬೆರಳನ್ನು ತುಟಿಗೆ ಮುಟ್ಟಿಸಿದೆ. ನಾಲಿಗೆ ದೂಡಿತು.

“ಇನ್ನೂ ಆಯಿಲ್ಲ. ಡಾಕ್ಟ್ರಿಗೆ ತೋರ್ಸಿ ಕೇಣ್. ಅಲ್ಲಿವರಿಗೆ ಹಾಲೇ ಸಾಕ್,” ಅಂದೆ.

ಅವಳ ಮುಖ ಸಣ್ಣದಾಯಿತು. “ನಾ ಹೇಳಿರೆ ಅಮ್ಮ ಕೇಂತ್ರಾ ಅತ್ಗಿ?”

“ಕೇಣದಿದ್ರೂ ಹೇಳ್ಕ್.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದು ಯಾರ ಮಾತು, ಅವರು ಒಂದು ದಿನವೂ ನನ್ನ ಮಗಳ ಮೂಗಿಗೆ ಎಣ್ಣೆ ಬಿಟ್ಟವರಲ್ಲ, ಅವತ್ತು ಅವಳ ಗಂಟಲಿಗೆ ಇಳಿದದ್ದು ನಾವು ತಿನ್ನಿಸಿದ ಅನ್ನ... ಎಲ್ಲವನ್ನೂ ಹೇಳಿದೆ. ಒಳಗೆ ಮಣ್ಣಿ ತಳ ಹಿಡಿದ ವಾಸನೆ ಬರುತ್ತಿದ್ದರೂ ಅವಳು ಕದಲಲಿಲ್ಲ. ಹದಿನೇಳು ವರ್ಷದಲ್ಲಿ ಅಜ್ಜಿಯ ಪರವಾಗಿ ನಾನು ಆಡಿದ ಮೊದಲ ಮಾತು ಅದು. ಕೇಳಲು ಅವರಿರಲಿಲ್ಲ, ನನ್ನ ಮಗಳೂ ಇರಲಿಲ್ಲ.