ಬೋರ್ಡೋ ದ್ರಾವಣದ ತವರಿನಲ್ಲಿ ಐದು ದಿನ

ಕೊಪ್ಪದ ಪೇಟೆಯಲ್ಲಿ ಚಿಕ್ಕಪ್ಪನದು ಗೊಬ್ಬರ, ಔಷಧಿ, ಸ್ಪ್ರೇ ಪಂಪುಗಳ ಅಂಗಡಿ. ಎರಡು ಸಾವಿರದ ದಶಕದ ನಡುವಿನ ಒಂದು ಏಪ್ರಿಲ್‌ನಲ್ಲಿ ಔಷಧಿ ಕಂಪನಿಯೊಂದರ ಪ್ರತಿನಿಧಿ ಅದರ ಬಾಗಿಲಲ್ಲಿ ನಿಂತು ಹೇಳಿದ ಒಂದು ಮಾತು ನಮ್ಮನ್ನು ಫ್ರಾನ್ಸಿನ ಕೋಟೆಮನೆಗಳವರೆಗೆ ಎಳೆದುಕೊಂಡು ಹೋಯಿತು.

“ಸಾರ್, ಬೋರ್ಡೋ ದ್ರಾವಣ ಹುಟ್ಟಿದ ಊರಲ್ಲೇ ಅದನ್ನ ಬಿಟ್ಟು ಎಷ್ಟೋ ಕಾಲ ಆಯ್ತು. ನೀವಿನ್ನೂ ಡ್ರಮ್ಮಲ್ಲಿ ಮೈಲುತುತ್ತ ಕಲಸ್ತಾ ಕೂತಿದ್ದೀರಿ!”

ಮಳೆ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ಬಾರದಿರಲೆಂದು ನಮ್ಮ ಕಡೆ ಹೊಡೆಯುವ ನೀಲಿ ದ್ರಾವಣ ಅದು. ಮೈಲುತುತ್ತ ಒಂದು ಕಡೆ, ಸುಣ್ಣ ಒಂದು ಕಡೆ ಕರಗಿಸಿ ಕೂಡಿಸುವುದು. ಶಾಲೆ ಮೆಟ್ಟಿಲು ಹತ್ತದವರೂ ಅದನ್ನು ‘ಬೋರ್ಡೋ’ ಎಂದೇ ಕರೆಯುತ್ತಾರೆ. ಬೋರ್ಡೋ ಎನ್ನುವುದು ಫ್ರಾನ್ಸಿನ ಒಂದು ಊರು, ಅಲ್ಲಿ ದ್ರಾಕ್ಷಿಗೆಂದು ಇದನ್ನು ಮೊದಲು ಮಾಡಿದರು ಎಂಬುದು ಚಿಕ್ಕಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ.

ಪ್ರತಿನಿಧಿಯ ಕೈಯಲ್ಲಿ ಹೊಸ ಪೌಡರೊಂದರ ಚೀಟಿಯಿತ್ತು, ಜೊತೆಗೆ ಒಂದು ಲಕೋಟೆ. ಹೆಚ್ಚು ಮಾಲು ಮಾರಿದ ಡೀಲರುಗಳಿಗೆ ಕಂಪನಿಯಿಂದ ಐದು ದಿನದ ಪ್ರವಾಸ: ಬೋರ್ಡೋ ಸುತ್ತಿನ ಹಳೆಯ ಕೋಟೆಮನೆಗಳು, ವೈನಿನ ನೆಲಮಾಳಿಗೆಗಳು, ಎರಡು ಟಿಕೇಟು. ತಿರುಗಿ ಬಂದವರು ತಮ್ಮ ಕಡೆಯ ಜನರ ಸಭೆ ಕರೆದು ಅಲ್ಲಿ ಕಂಡದ್ದನ್ನು ಹೇಳಬೇಕು.

ಅಂಗಡಿಯಲ್ಲಿ ಕೂತಿದ್ದ ಜಯಪುರದ ಬೆಳೆಗಾರರೊಬ್ಬರು ಎದ್ದು ನಿಂತರು. “ಹೌದನಾ ಮಾರಾಯ್ರೆ? ಅವ್ರೇ ಬಿಟ್ಟಿದಾರೆ ಅಂದ್ರೆ ನಾವು ಎಂತಕ್ಕೆ ಹೊಡೀತಾ ಇದೀವಿ?”

“ನೋಡ್ಕಂಡು ಬರ್ತೀನಿ,” ಎಂದರು ಚಿಕ್ಕಪ್ಪ. “ಕಂಡದ್ದನ್ನ ಕಂಡ ಹಂಗೇ ಬಂದು ಹೇಳ್ತೀನಿ. ಅಲ್ಲಿವರೆಗೆ ಯಾರೂ ಎಂತದೂ ತಗೊಳ್ಳೂದು ಬೇಡ.”

ಚಿಕ್ಕಪ್ಪನಿಗೆ ತೋಟವಿರಲಿಲ್ಲ, ಡಿಗ್ರಿಯೂ ಇರಲಿಲ್ಲ. ಅವರು ಹೇಳಿದರೆ ಸುಳ್ಳಿರುವುದಿಲ್ಲ ಎಂಬ ಜನರ ನಂಬಿಕೆಯ ಮೇಲೆಯೇ ಆ ಅಂಗಡಿ ನಿಂತಿತ್ತು. ಮಳೆಗೆ ತಿಂಗಳು ಬಾಕಿ ಇರುವಾಗ ಜಯಪುರ, ಹರಿಹರಪುರ, ನಾರ್ವೆ ಹೀಗೆ ಸುತ್ತಲ ಊರುಗಳ ಜನ ಅವರ ಒಂದು ಮಾತಿಗಾಗಿ ಖರೀದಿ ತಡೆದು ಕೂತರು.

ಎರಡನೆಯ ಟಿಕೇಟು ಚಿಕ್ಕಮ್ಮನದು. “ಅಲ್ಲಿ ಉಂಬಲೆ ಎಂತ ಇದ್ದು? ಐದು ದಿನ ಬ್ರೆಡ್ ತಿಂದು ಬದ್ಕಲೆ ನನ್ನ ಹತ್ರ ಆಗ್ತಿಲ್ಲೆ. ಈ ಕೂಸಿನ್ನ ಕರ್ಕಂಡು ಹೋಗಿ. ಇಂಗ್ಲೀಷಾದ್ರೂ ಬತ್ತು. ವಾದ ಮಾಡಲೂ ಜನ ಸಿಕ್ತ.”

ಆ ಕೂಸು, ಅಂದರೆ ನಮ್ಮ ಮನೆಮಾತಿನಲ್ಲಿ ಹುಡುಗಿ, ನಾನು. ಡಿಗ್ರಿಯ ಕೊನೆಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ವಾದವನ್ನು ನಾನು ಕಲಿತದ್ದು ಎರಡು ಕಡೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮೂರು ನಿಮಿಷ, ಗಂಟೆ ಬಾರಿಸುವುದರೊಳಗೆ ಎದುರಿನವನನ್ನು ಹೊಡೆದುಹಾಕಿ ಇಳಿಯುವುದು. ಶೃಂಗೇರಿಯಲ್ಲಿ ಶಾಸ್ತ್ರ ಓದಿದ್ದ ಒಬ್ಬ ನಿವೃತ್ತ ಮೇಷ್ಟ್ರ ಜಗಲಿಯಲ್ಲಿ ಇನ್ನೊಂದು ಕ್ರಮ: ಎದುರಿನವನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳು, ಅವನು ತಲೆಯಾಡಿಸಿದ ಮೇಲೆ ಖಂಡಿಸು. ಮೊದಲ ಕ್ರಮದಲ್ಲಿ ನನಗೆ ಕಪ್‌ಗಳು ಬಂದಿದ್ದವು. ಎರಡನೆಯದರಲ್ಲಿ ಮೇಷ್ಟ್ರು ನನ್ನನ್ನು ಒಮ್ಮೆಯೂ ಪಾಸು ಮಾಡಿರಲಿಲ್ಲ.

ಮೇ ಮಧ್ಯದಲ್ಲಿ ಹತ್ತಾರು ಡೀಲರುಗಳು ಮತ್ತು ಅದೇ ಪ್ರತಿನಿಧಿಯ ಜೊತೆ ಬೋರ್ಡೋದಲ್ಲಿ ಇಳಿದೆವು. ಬಸ್ಸು ಹಳ್ಳಿಗಳ ನಡುವೆ ಹೋಗುತ್ತಿದ್ದಂತೆ ಚಿಕ್ಕಪ್ಪ ನನ್ನ ತೋಳು ಹಿಡಿದರು.

“ನೋಡು ಕೂಸೆ, ಕಿಟಕಿ ಬಾಗಿಲೆಲ್ಲ ಮೈಲುತುತ್ತ! ಹೊಡೆದು ಹೊಡೆದು ಹಾರಿ ಕೂತಿದ್ದು!”

ನಿಜವಾಗಿಯೂ ಪ್ರತಿ ಮನೆಯ ಕಿಟಕಿಯ ಮರದ ಬಾಗಿಲುಗಳು ಮಾಸಿದ ನೀಲಿಯಾಗಿದ್ದವು. ನಮ್ಮ ಕಡೆ ಔಷಧಿ ಹೊಡೆದ ವಾರ ಬಾವಿಕಟ್ಟೆ, ಬೇಲಿ, ಕೆಲಸದವರ ಅಂಗಿ, ನಾಯಿಯ ಬೆನ್ನು ಎಲ್ಲಕ್ಕೂ ಅದೇ ಬಣ್ಣ ಕೂರುತ್ತದೆ. ಚಿಕ್ಕಪ್ಪ ಸೀಟಿನಿಂದ ಎದ್ದು ಇಡೀ ಬಸ್ಸಿಗೆ ಸಾರಿದರು. ಮೊದಲ ನಿಲ್ದಾಣದಲ್ಲಿ ನಾನೇ ಹೋಗಿ ಉಗುರಿನಿಂದ ಕೆರೆದು ನೋಡಿದೆ. ಪೇಂಟು. ಅಚ್ಚುಕಟ್ಟಾಗಿ ಎರಡು ಕೋಟು ಬಳಿದ ಪೇಂಟು.

“ಎಲ್ಲ ನೀಲಿನೂ ಮೈಲುತುತ್ತ ಅಲ್ಲ ಸಾರ್,” ಎಂದು ಪ್ರತಿನಿಧಿ ನಕ್ಕ. ಆಮೇಲೆ ನೀಲಿ ಕಾರು ಕಂಡರೆ ನೀಲಿ ಕಾರು, ನೀಲಿ ಕೊಡೆ ಕಂಡರೆ ನೀಲಿ ಕೊಡೆ ತೋರಿಸಿ, “ಸಾರ್, ಅಲ್ಲೂ ಹೊಡ್ದಿದಾರೆ!” ಎನ್ನುತ್ತಿದ್ದ. ಚಿಕ್ಕಪ್ಪ ಕಿಟಕಿಯ ಕಡೆಗೆ ತಿರುಗಿ ಕೂತರು.

ಮೊದಲೆರಡು ದಿನ ನಾನು ಕೋಟೆಗಳ ಜೊತೆ ಜಗಳವಾಡಿದೆ. ಗೈಡ್ ಐವತ್ತು ದಾಟಿದ, ಸಣಕಲು ಮೈಯ, ಇಂಗ್ಲಿಷನ್ನು ನಿಧಾನವಾಗಿ ಆರಿಸಿ ಆಡುವ ಹೆಂಗಸು. ಗೋಪುರದ ಸುರುಳಿ ಮೆಟ್ಟಿಲು ಬಲಕ್ಕೆ ತಿರುಗುವುದು ಹತ್ತಿ ಬರುವ ಶತ್ರುವಿನ ಬಲಗೈಗೆ ಕತ್ತಿ ಬೀಸಲು ಜಾಗ ಸಿಗದಿರಲಿ ಎಂಬ ಕಾರಣಕ್ಕೆ ಎಂದಳು.

“ಶತ್ರು ಎಡಚನಾಗಿದ್ದರೆ?” ಎಂದೆ.

ಅವಳು ಎರಡು ಮೆಟ್ಟಿಲು ಇಳಿದು, ಎಡಗೈ ಬೀಸಿ ನೋಡಿ, “ಹಾಗಾದರೆ ನಾವು ಸತ್ತೆವು,” ಎಂದಳು. ಅಲ್ಲಿಂದ ನಮಗಿಬ್ಬರಿಗೂ ಸ್ನೇಹವಾಯಿತು.

ರಾತ್ರಿ ಉಳಿಯುವುದೂ ಕೋಟೆಮನೆಯಲ್ಲೇ. ಕೋಣೆಯ ಬೀಗದ ಕೈ ನಮ್ಮ ಕಣಜದ ಕೀಲಿಗಿಂತ ದೊಡ್ಡದು. ಹಾಸಿಗೆಗೆ ನಾಲ್ಕು ಕಂಬ, ಮೇಲೆ ಚಪ್ಪರ. “ಮದುವೆ ಮಂಟಪದಲ್ಲಿ ಮನಗಿದಂಗೆ ಆಗ್ತು,” ಎಂದು ಚಿಕ್ಕಪ್ಪ ನೆಲದ ಮೇಲೆ ಹಾಸಿಕೊಂಡರು.

ಮೂರನೆಯ ದಿನ ನೆಲಮಾಳಿಗೆಯಲ್ಲಿ ವೈನಿನ ಪಾಠ. ಲೋಟ ತಿರುಗಿಸಬೇಕು, ಮೂಸಬೇಕು, ಬಾಯಲ್ಲಾಡಿಸಿ ಉಗಿಯಬೇಕು. ನಾನೂ ಒಂದು ಗುಟುಕು ರುಚಿ ನೋಡಿದೆ. ಹುಣಸೆಹಣ್ಣಿನ ನೀರಲ್ಲಿ ಕಬ್ಬಿಣದ ಮೊಳೆ ನೆನೆಹಾಕಿದಂತಿತ್ತು. ಗೈಡ್ ಮಾತ್ರ ಅದರಲ್ಲಿ ಚರ್ಮದ ವಾಸನೆ, ಒದ್ದೆ ಕಲ್ಲಿನ ವಾಸನೆ ಇದೆ ಎಂದಳು. ಸುಮ್ಮನಿರಲು ಆಗಲಿಲ್ಲ.

“ಹೆಸರು ಹೇಳಿಕೊಟ್ಟ ಮೇಲೆ ಯಾರಿಗಾದರೂ ಆ ವಾಸನೆ ಬರುತ್ತದೆ. ಕಣ್ಣು ಕಟ್ಟಿ ನೋಡೋಣ.”

ಅವಳು ಮೂರು ಲೋಟ ತರಿಸಿದಳು, ಎರಡರಲ್ಲಿ ಒಂದೇ ವೈನು. ಕಣ್ಣು ಕಟ್ಟಿಸಿಕೊಳ್ಳಲು ಮುಂದೆ ಬಂದದ್ದು ಚಿಕ್ಕಪ್ಪ. ಹೆಂಡ ಮುಟ್ಟದವರು ಮೂಗು ಮಾತ್ರ ಒಡ್ಡಿದರು. “ಮೊದಲ್ನೇದೂ ಕಡೇದೂ ಒಂದೇ. ನಡೂಕಿಂದು ಬೇರೆ, ಮಳೆ ಬಿದ್ದ ಮಣ್ಣಿನ ಹಂಗೆ.” ಲೋಟ ಅದಲು ಬದಲು ಮಾಡಿ ಮೂರು ಸಲ ಕೇಳಿದೆವು, ಮೂರು ಸಲವೂ ಸರಿಯಾಗಿ ಹೇಳಿದರು. ನಾನು ಸೋತೆ. ಗೈಡ್ ಅವರ ಕೈ ಕುಲುಕಿದಳು.

ಅದೇ ಗಳಿಗೆಯಲ್ಲಿ ನಾನು ಕೇಳಿದೆ: ಇಲ್ಲಿಯವರು ಬೋರ್ಡೋ ದ್ರಾವಣ ಬಿಟ್ಟಿದ್ದು ನಿಜವೇ? ಅವಳಿಗೆ ಗೊತ್ತಿರಲಿಲ್ಲ. ತನ್ನ ಚಿಕ್ಕಮ್ಮನ ಮಗಳ ದ್ರಾಕ್ಷಿ ತೋಟ ಹತ್ತಿರದಲ್ಲೇ ಇದೆ, ನಾಳೆ ಮಧ್ಯಾಹ್ನ ಉಳಿದವರು ಶಾಪಿಂಗಿಗೆ ಹೋದಾಗ ನೀವಿಬ್ಬರೂ ಬನ್ನಿ, ಅವಳನ್ನೇ ಕೇಳೋಣ ಎಂದಳು.

ತೋಟದವಳು ಗಟ್ಟಿಮುಟ್ಟಾದ ಹೆಂಗಸು, ಬೂಟಿನ ತುಂಬ ಮಣ್ಣು. ಅವಳದು ಫ್ರೆಂಚ್, ಗೈಡಿನದು ಇಂಗ್ಲಿಷ್, ನನ್ನದು ಕನ್ನಡ. ಹೀಗೆ ಮೂರು ಕೈ ದಾಟಿ ಮಾತು ಚಿಕ್ಕಪ್ಪನನ್ನು ತಲುಪಬೇಕಿತ್ತು. ಆದರೆ ಚಿಕ್ಕಪ್ಪ ಮಾತಿಗೆ ಕಾಯಲೇ ಇಲ್ಲ. ಸೊಂಟದೆತ್ತರದ ಬಳ್ಳಿಯ ಒಂದು ಎಲೆ ತಿರುಗಿಸಿ ಹೆಬ್ಬೆರಳಿನಿಂದ ಉಜ್ಜಿದರು. ಬೆರಳು ತಿಳಿನೀಲಿಯಾಯಿತು. ಮೂಸಿದರು.

“ಅದೇ! ಅದೇ ಮಾರಾಯ್ತಿ! ಇದು ಪೇಂಟ್ ಅಲ್ಲ!”

ತೋಟದವಳು ಕೊಟ್ಟಿಗೆಯಿಂದ ಚೀಲ ತಂದು ತೋರಿಸಿದಳು. ಮೈಲುತುತ್ತ, ಸುಣ್ಣ ಬೆರೆಸಿಯೇ ಪುಡಿ ಮಾಡಿ ತುಂಬಿದ ಚೀಲ. ಕಲಸುವ ಕೆಲಸ ಬಿಟ್ಟಿದ್ದಾರೆ, ದ್ರಾವಣ ಬಿಟ್ಟಿಲ್ಲ. ಅದರ ಹುಟ್ಟಿನ ಕತೆಯನ್ನೂ ಹೇಳಿದಳು: ದಾರಿ ಬದಿಯ ದ್ರಾಕ್ಷಿ ಕದಿಯುತ್ತಿದ್ದರಂತೆ, ವಿಷವೆಂದು ಹೆದರಲಿ ಅಂತ ನೀಲಿ ನೀರು ಎರಚಿದರಂತೆ, ಆ ವರ್ಷ ಎರಚಿದ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲವಂತೆ.

“ಇದಕ್ಕೆ ಏನು ಸಾಕ್ಷಿ?” ಎಂದೆ.

ಫ್ರೆಂಚಿನಲ್ಲಿ ಏನೋ ಹೇಳಿ ಇಬ್ಬರೂ ನಕ್ಕರು. “ಈ ಹುಡುಗಿ ವಕೀಲಳೇ ಅಂತ ಕೇಳುತ್ತಿದ್ದಾಳೆ,” ಎಂದಳು ಗೈಡ್.

ನನ್ನ ತಲೆಯಲ್ಲಿ ಪ್ರತಿನಿಧಿಯ ಮುಂದೆ ಮಾಡಬೇಕಾದ ಭಾಷಣ ತಯಾರಾಗಿತ್ತು. ಅವನಿಗೆ ಎಸೆಯಲು ಇನ್ನೊಂದು ಕಲ್ಲು ಜೇಬಿಗೆ ಹಾಕಿಕೊಳ್ಳೋಣವೆಂದು ಕೇಳಿದೆ: “ಅಂದರೆ ಇದರಿಂದ ತೊಂದರೆಯೇನೂ ಇಲ್ಲ, ಅಲ್ಲವೇ?”

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಿನವರಿಗೆ ಕೇಳಬಾರದು ಎಂಬುದು ಚರ್ಚಾಸ್ಪರ್ಧೆಯ ಮೊದಲ ಪಾಠ. ತೋಟದವಳ ನಗು ನಿಂತಿತು. ನಮ್ಮನ್ನು ಕೊಟ್ಟಿಗೆಯ ಹಿಂದಿನ ಇಳಿಜಾರಿಗೆ ಕರೆದುಕೊಂಡು ಹೋದಳು.

ಅಲ್ಲಿದ್ದದ್ದು ಅವಳ ಅಜ್ಜ ನೆಟ್ಟ, ಎಲ್ಲಕ್ಕಿಂತ ಹಳೆಯ ತೋಟ. ಮುದಿ ಬಳ್ಳಿ ಕಿತ್ತು ಎರಡು ಸಲ ಹೊಸದು ನೆಟ್ಟಿದ್ದರು. ಸಸಿಗಳು ಹಳದಿ ತಿರುಗಿ ಮೊಣಕಾಲಿನ ಮಟ್ಟದಲ್ಲೇ ನಿಂತಿದ್ದವು. ಅವಳು ಸಲಿಕೆಯಿಂದ ಒಂದು ಹೆಂಟೆ ಎತ್ತಿ ಎರೆಹುಳ ಹುಡುಕಿ ಎಂದಳು. ಸಿಗಲಿಲ್ಲ. ಮೈಲುತುತ್ತದಲ್ಲಿರುವ ತಾಮ್ರ ಮಳೆಗೆ ಎಲೆಯಿಂದ ತೊಳೆದು ಮಣ್ಣಿಗೆ ಇಳಿಯುತ್ತದೆ, ಮಣ್ಣಿಂದ ಎಲ್ಲಿಗೂ ಹೋಗುವುದಿಲ್ಲ. ಅಜ್ಜ ಪ್ರತಿ ಸಲ ‘ಧೈರ್ಯಕ್ಕೆ ಇರಲಿ’ ಎಂದು ಒಂದಿಷ್ಟು ಜಾಸ್ತಿ ಹಾಕುತ್ತಿದ್ದ. ಈಗ ವರ್ಷಕ್ಕೆ ಇಷ್ಟೇ ಎಂದು ಕಾನೂನು ಇದೆ. ನಾನು ಒಂದೊಂದೇ ವಾಕ್ಯ ಕನ್ನಡಕ್ಕೆ ತಂದೆ. ಚಿಕ್ಕಪ್ಪ ಕುಕ್ಕರಗಾಲಲ್ಲಿ ಕೂತು ಆ ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡುತ್ತಲೇ ಇದ್ದರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವರು ಮೆಲ್ಲಗೆ ಹೇಳಿದರು. “ತೂಗಿ ಆದ್ಮೇಲೆ ನಾನು ಒಂದು ಮುಷ್ಟಿ ಕೊಸರು ಹಾಕ್ತಿದ್ದಿ ಅಲ್ದ.”

ತರಕಾರಿಯವರು, ಅವಲಕ್ಕಿಯವರು ತೂಕದ ಮೇಲೆ ಕೊಸರು ಹಾಕುವಂತೆ ಚಿಕ್ಕಪ್ಪ ಮೈಲುತುತ್ತಕ್ಕೂ ಹಾಕುತ್ತಿದ್ದರು. ಅದಕ್ಕೆಂದೇ ಅವರ ಅಂಗಡಿಗೆ ಹೆಸರು. ಕೊಂಡವರು ಅದನ್ನು ಎತ್ತಿಡುತ್ತಿರಲಿಲ್ಲ. ಸಿಕ್ಕಿದ್ದೆಲ್ಲ ಡ್ರಮ್ಮಿಗೆ.

“ಇಪ್ಪತ್ತೈದು ವರ್ಷ. ಕೊಸರು ವಾಪಸ್ ತಗಂಬಲೆ ಆಗ್ತಿಲ್ಲೆ ಕೂಸೆ.”

ನಾನು ವಾದಕ್ಕಿಳಿದೆ. ನಮ್ಮ ಮಳೆ ಬೇರೆ, ಮಣ್ಣು ಬೇರೆ, ಬೆಳೆ ಬೇರೆ. ಒಬ್ಬಳ ತೋಟದ ಒಂದು ಮೂಲೆ ಪುರಾವೆಯಾಗುವುದಿಲ್ಲ. ಅಲ್ಲಿ ಬೇರೇನೋ ರೋಗವಿರಬಹುದು. ಎಲ್ಲವೂ ಸರಿಯಾದ ವಾದಗಳೇ.

“ನಮ್ಮ ಬದಿ ಮಣ್ಣಲ್ಲಿ ತಾಮ್ರ ಕೂತಿದ್ದಿಲ್ಲೆ ಹೇಳಿ ನಿಂಗೆ ಗೊತ್ತಿದ್ದ?”

“ಇಲ್ಲ.”

“ಮತ್ತೆ?”

ಕೊನೆಯ ದಿನದ ಔತಣದಲ್ಲಿ ಗೈಡ್ ಮೇಜಿನ ಸುತ್ತ ಕೂತವರಿಗೆ ಈ ಭೇಟಿಯ ಕತೆಯನ್ನೆಲ್ಲ ಉತ್ಸಾಹದಿಂದ ಹೇಳಿಬಿಟ್ಟಳು. ನಾನು ಪ್ರತಿನಿಧಿಯ ಕಡೆ ತಿರುಗಿದೆ. “ಬಿಟ್ಟಿದ್ದಾರೆ ಅಂದಿರಲ್ಲ, ಎಲ್ಲಿ ಬಿಟ್ಟಿದ್ದಾರೆ?”

ಅವನೂ ಕಚ್ಚಾ ಆಸಾಮಿಯಲ್ಲ. “ಸರಿ ಮೇಡಂ, ಬಿಟ್ಟಿಲ್ಲ. ಆದ್ರೆ ಕಂಡದ್ದೆಲ್ಲ ಹೇಳ್ತೀನಿ ಅಂದಿದಾರೆ ನಿಮ್ಮ ಚಿಕ್ಕಪ್ಪ. ಆ ಕೊಟ್ಟಿಗೆ ಹಿಂದಿನ ಜಾಗದ ಕತೆನೂ ಹೇಳ್ತಾರಾ? ಹೇಳಿದ್ರೆ ನನ್ನ ಪೌಡರ್ ತಾನಾಗೇ ಖಾಲಿ ಆಗ್ತದೆ.”

“ನಿಮ್ಮ ಪೌಡರ್ ಮಣ್ಣಲ್ಲಿ ಏನು ಉಳಿಸುತ್ತದೆ?”

“ಅದು... ಚೀಟೀಲಿ ಇದೆ ಮೇಡಂ.” ಚೀಟಿಯಲ್ಲಿ ಇರಲಿಲ್ಲ. ನಾನು ಅಷ್ಟು ಹೊತ್ತಿಗೆ ಎರಡು ಸಲ ಓದಿದ್ದೆ.

ಮೇ ಕೊನೆಯಲ್ಲಿ ನರಸಿಂಹರಾಜಪುರದಲ್ಲಿ ಸಭೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕಿನ ಜನ, ಮೋಡ ಕಟ್ಟಿದ ಮಧ್ಯಾಹ್ನ, ಖುರ್ಚಿ ಸಾಲದೆ ಕಿಟಕಿಯಲ್ಲೂ ಕೂತಿದ್ದರು. ಚಿಕ್ಕಪ್ಪ ಮೈಕ್ ಹಿಡಿದರು.

“ಅವ್ರು ಬೋರ್ಡೋ ಬಿಟ್ಟಿಲ್ಲ. ನಾನು ಎಲೆ ಮುಟ್ಟಿ ನೋಡಿದೀನಿ.”

ಚಪ್ಪಾಳೆ ಬಿತ್ತು. ಪ್ರತಿನಿಧಿ ನೆಲ ನೋಡಿದ. ಆ ಗಳಿಗೆಯಲ್ಲಿ ಅವರು ಕೂತುಬಿಡಲಿ ಎಂದು ನಾನು ಬಯಸಿದ್ದು ನಿಜ. ಹೇಳಿದ ಮಾತು ಸುಳ್ಳಲ್ಲ, ಗೆದ್ದೂ ಆಗಿದೆ, ಮರ್ಯಾದೆ ಉಳಿದಿದೆ. ಮೂರನೆಯ ಸಾಲಿನಿಂದ ಕೈಸನ್ನೆ ಕೂಡ ಮಾಡಿದೆ. ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ.

“ಇನ್ನೊಂದು ಉಂಟು,” ಎಂದು ಇಳಿಜಾರಿನ ತೋಟದ ಕತೆಯನ್ನು ಮೊದಲಿಂದ ಹೇಳಿದರು. ಹಳದಿ ಸಸಿ, ಖಾಲಿ ಹೆಂಟೆ, ಅಜ್ಜನ ಧೈರ್ಯದ ಪಾಲು. “ಅಳತೆ ಮೀರಿ ಹೊಡೀಬೇಡಿ. ನಾನು ಹಾಕಿದ ಕೊಸರು ನನ್ನ ತಪ್ಪು. ಇನ್ನು ಹಾಕೂದಿಲ್ಲ.”

ಹಿಂದಿನಿಂದ ಯಾರೋ ಕೂಗಿದರು. “ಫ್ರಾನ್ಸಿಗೆ ಹೋಗಿ ಬಂದ ಕೂಡ್ಲೇ ಕೊಸರು ಬಂದ್!” ಸಭೆ ನಕ್ಕಿತು.

ನಾರ್ವೆಯಿಂದ ಬಂದಿದ್ದ, ತೋಟ ತಾನೇ ನೋಡಿಕೊಳ್ಳುವ ಹೆಂಗಸೊಬ್ಬರು ನಗದೆ ಎದ್ದರು. “ಹಂಗಾರೆ ನಮ್ಮ ಮಣ್ಣಲ್ಲಿ ಎಷ್ಟು ಕೂತಿದೆ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೂಕೆ ಅಷ್ಟು ದೂರ ಹೋಗಿದ್ರಾ?”

ಈ ಸಲ ಚಿಕ್ಕಪ್ಪನೂ ನಕ್ಕರು. ಕಿವಿ ಕೆಂಪಾಗಿತ್ತು. “ಹೌದು ಮಾರಾಯ್ರೆ. ಮಣ್ಣು ತನ್ನಿ, ಪರೀಕ್ಷೆಗೆ ಕಳ್ಸನ.”

ಮರುದಿನದಿಂದ ಕೆಲವು ಹಳೆಯ ಗಿರಾಕಿಗಳು ಎದುರಿನ ಅಂಗಡಿಯಲ್ಲಿ ಕೊಸರು ಕೇಳಿ ಹಾಕಿಸಿಕೊಂಡು ನಮ್ಮ ಮುಂದೆಯೇ ಹೋದರು. ಒಬ್ಬರು ಚೀಲ ಎತ್ತಿ ತೋರಿಸಿದರು ಕೂಡ. ಆ ಮೊದಲ ದಿನವೇ ಹತ್ತು ಗಂಟೆಯ ಬಸ್ಸಿಗೆ ನಾರ್ವೆಯ ಆ ಹೆಂಗಸು ಇಳಿದು ಬಂದರು, ಸೆರಗಿನಡಿ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಮಣ್ಣು. ನಾನು ಮೇಲೆ ಅಂಟಿಸಲು ಚೀಟಿ ಬರೆಯುತ್ತಿದ್ದೆ.

“ಮೇಲಿಂದ ಕೆರೆದು ತಂದದ್ದು,” ಎಂದರು ಅವರು. “ತಾಮ್ರ ಅಡೀಲಿ ಕೂತಿದ್ರೆ? ಎಷ್ಟು ಆಳದಿಂದ ತೆಗೀಬೇಕು?”

ನಾನು ಬರೆಯುವುದನ್ನು ಬಿಟ್ಟು ಚಿಕ್ಕಪ್ಪನ ಕಡೆ ತಿರುಗಿದೆ. ಚಿಕ್ಕಪ್ಪ ಆಗಲೇ ಶಿವಮೊಗ್ಗದ ಕೃಷಿ ಕಾಲೇಜಿಗೆ ಫೋನ್ ಹಚ್ಚಿ ಅದನ್ನೇ ಜೋರಾಗಿ ಕೇಳುತ್ತಿದ್ದರು. ಫೋನ್ ಇಟ್ಟು ತಿರುಗಿದರು.

“ಮೇಲಿಂದು ಬೇರೆ, ಒಂದು ಅಡಿ ಕೆಳಗಿಂದು ಬೇರೆ ಬೇಕಂತೆ. ಮತ್ತೊಂದ್ಸಲ ಅಗೀಬೇಕಾಗ್ತದೆ.”

“ಅಗೀತೀನಿ ಬಿಡಿ,” ಎಂದು ಆ ಹೆಂಗಸು ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಾರ್ವೆಗೆ ಹೊರಡಲಿದ್ದ ಬಸ್ಸಿನ ಕಡೆ ಓಡಿದರು.